ಒಂದೇ ಟೆರೇಸ್, ಎರಡು ಮೀಟರ್

ಪುಣೆಯ ಹಡಪ್ಸರ್‌ನಲ್ಲಿ ನಮ್ಮದು ಕೆಳಗೆ ಹೋಟೆಲು, ಮೇಲೆ ಮನೆ. ಟೆರೇಸ್ ಒಂದೇ ಆದರೂ ಮೀಟರ್ ಎರಡು. ಹೋಟೆಲಿನದು ಕಮರ್ಷಿಯಲ್, ಯೂನಿಟ್ ದರ ಜಾಸ್ತಿ. ಸೋಲಾರ್ ಹಾಕಿಸುವಾಗ ಎರಡನ್ನೂ ಬೇರೆ ಬೇರೆಯಾಗಿಯೇ ಮಾಡಿಸಿದೆವು. ಯಾಕೆಂದರೆ ಎರಡರ ಲೆಕ್ಕವೇ ಬೇರೆ.

ಮನೆಗೆ 3 ಕಿಲೋವ್ಯಾಟ್ ಹಾಕಿಸಿದೆ. 2024ರಲ್ಲಿ ಶುರುವಾದ ಪಿಎಂ ಸೂರ್ಯ ಘರ್ ಯೋಜನೆಯಲ್ಲಿ ಇದಕ್ಕೆ 78,000 ರೂಪಾಯಿ ಸಬ್ಸಿಡಿ ಇದೆ. ಮೊದಲ 2 ಕಿಲೋವ್ಯಾಟಿಗೆ ತಲಾ 30,000ದಂತೆ, ಮೂರನೆಯದಕ್ಕೆ 18,000. ಅದಕ್ಕಿಂತ ದೊಡ್ಡದು ಹಾಕಿದರೂ ಸಬ್ಸಿಡಿ ಅಷ್ಟೇ. ಆದರೆ ಪ್ಯಾನೆಲ್ಲೂ ಅದರೊಳಗಿನ ಸೆಲ್ಲೂ ನಮ್ಮ ದೇಶದಲ್ಲೇ ತಯಾರಾಗಿರಬೇಕು. ಅಂಗಡಿಯವರು ಅದನ್ನು ಡಿಸಿಆರ್ ಪ್ಯಾನೆಲ್ ಅನ್ನುತ್ತಾರೆ. ರೇಟು ಸ್ವಲ್ಪ ಮೇಲೆ. ಹೋಟೆಲಿಗೆ ಸಬ್ಸಿಡಿ ಇಲ್ಲ. ಆದಾಯ ತೆರಿಗೆಯಲ್ಲಿ ಶೇ. 40 ಸವಕಳಿ (ಹಳೆಯದಾದಂತೆ ಬೆಲೆ ಇಳಿಯುವ ಲೆಕ್ಕ) ತೋರಿಸಬಹುದು ಎಂದು ನಮ್ಮ ಸಿಎ ಹೇಳಿದರು.

ಕೆಲಸಕ್ಕೆ ಬಂದವನು ವಿಜಯಪುರದ ಹುಡುಗ. ನಾನು ಯಾವ ಕಂಪನಿ ಪ್ಯಾನೆಲ್ ಒಳ್ಳೇದು ಅಂತ ಕೇಳುತ್ತಿದ್ದರೆ, "ಅಣ್ಣಾರ, ಪ್ಯಾನೆಲ್ ಆಮ್ಯಾಲ ನೋಡೋಣ್ರಿ, ಮೊದ್ಲ ನೆರಳ ನೋಡೋಣ" ಅಂದ. ಅದು ಡಿಸೆಂಬರ್. ಬೆಳಿಗ್ಗೆ ಒಂಬತ್ತಕ್ಕೆ, ಮಧ್ಯಾಹ್ನ, ಮೂರು ಗಂಟೆಗೆ ನೀರಿನ ಟ್ಯಾಂಕಿನ ನೆರಳು ಎಲ್ಲಿ ಬೀಳುತ್ತದೋ ಅಲ್ಲಿ ಸೀಮೆಸುಣ್ಣದಲ್ಲಿ ಗೆರೆ ಎಳೆದ. ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ, ನೆರಳು ಉತ್ತರಕ್ಕೆ ಉದ್ದವಾಗಿ ಚಾಚುತ್ತದೆ. ಮೇ ತಿಂಗಳಲ್ಲಿ ನೋಡಿದರೆ ಆ ಜಾಗ ಖಾಲಿ ಕಾಣುತ್ತದೆ! ಹಾಗಾಗಿ ಪ್ಯಾನೆಲ್ಲುಗಳೆಲ್ಲ ಟ್ಯಾಂಕಿನ ದಕ್ಷಿಣ ಬದಿಗೆ ಬಂದವು.

ಪ್ಯಾನೆಲ್ಲುಗಳನ್ನು ಸಾಲಾಗಿ ಒಂದಕ್ಕೊಂದು ಜೋಡಿಸಿರುತ್ತಾರೆ. ಪೈಪಿನ ಮೇಲೆ ಒಂದು ಕಡೆ ಕಾಲಿಟ್ಟರೆ ಕೊನೆಯಲ್ಲೂ ನೀರು ಕಡಿಮೆಯಾಗುತ್ತದಲ್ವಾ, ಹಾಗೆ ಒಂದರ ಮೇಲೆ ನೆರಳು ಬಿದ್ದರೂ ಇಡೀ ಸಾಲಿಗೆ ಪೆಟ್ಟು. ಒಳಗೆ ನೆರಳಿನ ಭಾಗವನ್ನು ಬಿಟ್ಟು ಕರೆಂಟಿಗೆ ಬಳಸುದಾರಿ ಕೊಡುವ ಬೈಪಾಸ್ ಡಯೋಡ್ ಇರುತ್ತದೆ, ನಷ್ಟ ಕಡಿಮೆ ಮಾಡುತ್ತದೆ ಅಷ್ಟೇ. ಜಾಗ ಕಿಲೋವ್ಯಾಟಿಗೆ ಸುಮಾರು 100 ಚದರ ಅಡಿ ಬೇಕು. ಕರೆಂಟ್ ಕಿಲೋವ್ಯಾಟಿಗೆ ದಿನಕ್ಕೆ ಸರಾಸರಿ 4 ಯೂನಿಟ್ ಹಿಡಿಯಿರಿ. ಜುಲೈ, ಆಗಸ್ಟ್ ಮಳೆಯಲ್ಲಿ ಅದೂ ಇಳಿಯುತ್ತದೆ.

ಪ್ಯಾನೆಲ್ ಕೊಡುವುದು ಡಿಸಿ, ಅಂದರೆ ಬ್ಯಾಟರಿಯಂತೆ ಒಂದೇ ದಿಕ್ಕಿನ ಕರೆಂಟ್. ಇನ್ವರ್ಟರ್ ಅದನ್ನು ಲೈನಿನಲ್ಲಿ ಬರುವಂಥ ಎಸಿ ಮಾಡುತ್ತದೆ. ನಾವು ಬಳಸಿ ಉಳಿದದ್ದು ನೆಟ್ ಮೀಟರ್ ಮೂಲಕ ಇಲ್ಲಿನ ವಿದ್ಯುತ್ ಕಂಪನಿ ಮಹಾವಿತರಣದ ಲೈನಿಗೆ ಹೋಗಿ ಜಮೆಯಾಗುತ್ತದೆ, ರಾತ್ರಿ ಎಳೆದದ್ದರಲ್ಲಿ ವಜಾ. ಮನೆಗೆ ಇದೇ ಆಧಾರ, ಯಾಕೆಂದರೆ ನಮ್ಮ ಟಿವಿ, ಫ್ಯಾನು, ಗೀಸರ್ ಎಲ್ಲ ಬಿಸಿಲಿಲ್ಲದ ಹೊತ್ತಿನವು. ಹೋಟೆಲಿನ ಕಥೆ ಉಲ್ಟಾ. ಇಡ್ಲಿ, ದೋಸೆ ಹಿಟ್ಟು ರುಬ್ಬುವುದೇ ಮಧ್ಯಾಹ್ನ. ಗ್ರೈಂಡರ್, ಡೀಪ್ ಫ್ರೀಜರ್, ಎಕ್ಸಾಸ್ಟ್ ಎಲ್ಲ ಆಗ ಓಡುತ್ತಿರುತ್ತವೆ. ಬಂದದ್ದು ಬಂದ ಹಾಗೇ ಖರ್ಚು, ಅದೂ ದುಬಾರಿ ಯೂನಿಟ್ಟಿನ ಬದಲಿಗೆ. ಸಬ್ಸಿಡಿ ಇಲ್ಲದಿದ್ದರೂ ನನಗೆ ಹೋಟೆಲಿನದೇ ಹೆಚ್ಚು ಲಾಭದ್ದು ಅನಿಸುತ್ತದೆ.

ಗುರುವಾರ ಪುಣೆಯಲ್ಲಿ ರಿಪೇರಿಗೆ ಕರೆಂಟ್ ತೆಗೆಯುವ ದಿನ. ರಣಬಿಸಿಲು, ಆದರೂ ನಮ್ಮ ಗ್ರೈಂಡರ್ ನಿಂತಿತು. ಪಕ್ಕದ ಕಿರಾಣಿ ಅಂಗಡಿಯ ಕಾಕಾ "ಕಾಯ್ ಅಣ್ಣಾ, ಸೋಲಾರ್ ಕುಠೆ ಗೇಲಾ?" (ಏನಣ್ಣಾ, ಸೋಲಾರ್ ಎಲ್ಲಿ ಹೋಯ್ತು?) ಅಂತ ನಕ್ಕರು. ಬ್ಯಾಟರಿ ಇಲ್ಲದ ಸಿಸ್ಟಮ್ ಇರುವುದೇ ಹೀಗೆ. ಲೈನ್ ಹೋದ ಕೂಡಲೇ ಇನ್ವರ್ಟರ್ ತಾನೂ ಬಂದ್ ಆಗಬೇಕು. ಇಲ್ಲದಿದ್ದರೆ ನಮ್ಮ ಕರೆಂಟ್ ಲೈನಿಗೆ ಹರಿದು, ಕಂಬದ ಮೇಲಿರುವ ಲೈನ್‌ಮನ್ನನ ಜೀವಕ್ಕೇ ಕುತ್ತು. ಬ್ಯಾಟರಿ, ಹೈಬ್ರಿಡ್ ಇನ್ವರ್ಟರ್ ಹಾಕಿದರೆ ನಡೆಯುತ್ತದೆ, ಆದರೆ ಖರ್ಚು ತುಂಬಾ ಏರುತ್ತದೆ. ವಾರಕ್ಕೊಂದು ದಿನದ ಸಲುವಾಗಿ ನನಗೆ ಬೇಡ ಅನಿಸಿತು. ಹಳೇ ಜನರೇಟರ್ ಇದೆಯಲ್ಲ.

ಸ್ಲ್ಯಾಬ್ ಕೊರೆಯಲು ಬಿಡಬೇಡಿ. ಕಾಂಕ್ರೀಟ್ ಬ್ಲಾಕ್ ಮೇಲೆ ಸ್ಟ್ಯಾಂಡ್ ನಿಲ್ಲಿಸಿದರೆ ವಾಟರ್‌ಪ್ರೂಫಿಂಗ್ ಉಳಿಯುತ್ತದೆ. ಗಾಳಿಗೆ ಹಾರದಷ್ಟು ಭಾರ ಇರಬೇಕು, ಅದನ್ನು ಗಟ್ಟಿಯಾಗಿ ಕೇಳಿ. ಅರ್ಥಿಂಗ್ ಡಿಸಿಗೆ, ಎಸಿಗೆ, ಸಿಡಿಲಿನ ಅರೆಸ್ಟರಿಗೆ ಬೇರೆ ಬೇರೆ. ಇನ್ನು ಪಾರಿವಾಳ! ಪ್ಯಾನೆಲ್ ಕೆಳಗೆ ಗೂಡು ಕಟ್ಟಿ ಮೇಲೆಲ್ಲ ಹಿಕ್ಕೆ. ಸುತ್ತ ಜಾಲರಿ ಹಾಕಿಸಿದ ಮೇಲೆ ಕಮ್ಮಿಯಾಯಿತು. ತೊಳೆಯುವುದಿದ್ದರೆ ಬೆಳಿಗ್ಗೆ ಬೇಗ ತೊಳೆಯಿರಿ, ಕಾದ ಗಾಜಿನ ಮೇಲೆ ತಣ್ಣೀರು ಸುರಿಯಬೇಡಿ. ನಮ್ಮ ಹುಡುಗರು ಹೋಟೆಲ್ ಬಾಗಿಲು ತೆಗೆಯುವ ಮೊದಲೇ ಮುಗಿಸುತ್ತಾರೆ.