ಸೆಲ್ಲು, ಬಲ್ಬು, ಥಿನ್ನರ್ ಡಬ್ಬ: ಕೊನೆಗೂ ಒಂದೂ ವಾಪಸ್ ಬರ್ಲಿಲ್ಲ (ನನ್ನ ಅನುಭವ)

ಈ ಸಲ ಮನೆಯ ಅಪಾಯದ ಕಸ ತಗೊಳ್ಳೋ ಕಲೆಕ್ಷನ್ ಸೆಂಟರ್‌ನವ್ರು ನನ್ನ ಡಬ್ಬಗಳಲ್ಲಿ ಒಂದನ್ನೂ ವಾಪಸ್ ಕಳಿಸ್ಲಿಲ್ಲ, ಅದಕ್ಕೇ ಬರೀತಿದೀನಿ. ಹಸಿ ಕಸ ಒಣ ಕಸ ಬೇರೆ ಮಾಡೋದು ನಿಮಗೆಲ್ಲಾ ಗೊತ್ತು, ಅದನ್ನ ಮತ್ತೆ ಹೇಳಲ್ಲ. ಅವೆರಡಕ್ಕೂ ಸೇರದೆ ಮೂಲೇಲಿ ಕೂತಿರ್ತವಲ್ಲ, ಮುಗಿದ ಸೆಲ್ಲು, ಉಬ್ಬಿದ ಮೊಬೈಲ್ ಬ್ಯಾಟರಿ, ಸಿಎಫ್‌ಎಲ್ ಬಲ್ಬು, ಅರ್ಧ ಉಳಿದ ಪೇಂಟು, ಥಿನ್ನರ್, ಜಿರಳೆ ಸ್ಪ್ರೇ, ಡೇಟ್ ಮುಗಿದ ಮಾತ್ರೆ, ಅವುಗಳದ್ದು ಹೇಳ್ತೀನಿ. ಇದನ್ನೆಲ್ಲ ಮನೇಲಿ ಕೂಡಿಡ್ತೀಯಾ, ತಲೆ ಕೆಟ್ಟಿದ್ಯಾ ಅಂತ ಮನೆಯವ್ರೂ ಅಂದ್ರು ಫ್ರೆಂಡ್ಸೂ ಅಂದ್ರು, ಒಬ್ಬ ಅಂತೂ ಕತ್ತಲಾದ್ಮೇಲೆ ಹೋಗಿ ಎಸೆದು ಬಾ ಯಾರು ನೋಡ್ತಾರೆ ಅಂದ. ಈಗ ಅವನ ಮನೆ ಸೆಲ್ಲುಗಳೂ ನನ್ನ ಡಬ್ಬಕ್ಕೇ ಬರ್ತವೆ, ಅದಿರಲಿ.

ಶುರುವಲ್ಲಿ ಬಣ್ಣ ಬಣ್ಣದ ಡಬ್ಬಗಳ ಸೆಟ್ಟು ತಂದಿದ್ದೆ, ಮುಚ್ಚಳಕ್ಕೆ ಪೆಡಲ್ ಬೇರೆ. ಆ ದುಡ್ಡಿಗೆ ಈಗಿನ ಪದ್ಧತಿ ನಾಲ್ಕೈದು ವರ್ಷ ನಡೀತಿತ್ತು. ಕೆಂಪು ಡಬ್ಬಕ್ಕೆ ಅಪಾಯದ್ದೆಲ್ಲಾ ಅಂತ ಹೆಸರಿಟ್ಟು ಕಂಡಿದ್ದೆಲ್ಲ ಅದಕ್ಕೇ ಹಾಕಿದ್ದಾಯ್ತು. ಕೆಲವು ತಿಂಗಳಾದ್ಮೇಲೆ ನೋಡಿದ್ರೆ ಥಿನ್ನರ್ ಸೋರಿ ಪಕ್ಕದ ಡಬ್ಬಗಳ ಲೇಬಲ್ಲು ಕರಗಿ ಅಂಟಂಟು, ಸೆಲ್ಲುಗಳ ಮೇಲೆ ಬಿಳೀ ಉಪ್ಪು ಬಂದಿತ್ತು, ಒಂದು ಬಾಟ್ಲಿಲಿ ಏನಿದೆ ಅಂತ ಯಾರಿಗೂ ಗೊತ್ತಿಲ್ಲ. ಸೆಂಟರ್‌ನವ್ರು ಇಡೀ ಡಬ್ಬನೇ ಬೇಡ ಅಂದ್ರು. ಅವ್ರಿಗೆ ವಿಷಕ್ಕಿಂತ ಹೆಚ್ಚು ತಲೆನೋವು ಹೆಸರಿಲ್ಲದ ದ್ರವ, ಯಾಕಂದ್ರೆ ಅದನ್ನ ಟೆಸ್ಟ್ ಮಾಡಿಸ್ದೆ ಮುಂದಕ್ಕೆ ಕಳಿಸೋಕಾಗಲ್ಲ, ಟೆಸ್ಟಿಗೆ ದುಡ್ಡು.

ಅಲ್ಲಿಂದ ಎಲ್ಲ ಬದಲಾಯಿಸಿದೆ. ಯಾವುದನ್ನೂ ಅದರ ಹುಟ್ಟಿದ ಡಬ್ಬದಿಂದ ತೆಗೆಯಲ್ಲ. ಲೇಬಲ್ ಹರಿದಿದ್ರೆ ಮಾರ್ಕರಲ್ಲಿ ಬರೆದು ಮೇಲೆ ಟೇಪು, ತಿಂಗಳು ವರ್ಷ ಹಾಕ್ತೀನಿ. ಜ್ಯೂಸ್ ಬಾಟ್ಲಿಗೆ ಥಿನ್ನರ್ ಹಾಕಿಡೋರು ಇದನ್ನ ಓದ್ತಿದ್ರೆ ದಯವಿಟ್ಟು ಇವತ್ತೇ ಎದ್ದು ಅದರ ಮೇಲೆ ದೊಡ್ಡದಾಗಿ ಬರೀರಿ, ಮಕ್ಕಳು ಕುಡಿದು ಆಸ್ಪತ್ರೆ ಸೇರೋದು ಹಾಗೇನೇ. ಎತ್ತರದ ಒಂದು ಶೆಲ್ಫು, ಒಳಗೆ ಹಳೇ ಪ್ಲಾಸ್ಟಿಕ್ ಟ್ರೇಗಳು, ಸೋರಿದ್ರೂ ಟ್ರೇಲೇ ಉಳಿಯುತ್ತೆ. ಇಷ್ಟೇ ಬಂಡವಾಳ.

ಸೆಲ್ಲಿನ ವಿಷಯಕ್ಕೆ ಬರ್ತೀನಿ, ಇಲ್ಲೇ ಜಾಸ್ತಿ ಜನ ಸೋಲೋದು. ಡೆಡ್ ಆಗಿದೆ ಅಂತ ನಾವು ಅಂದ್ಕೊಳ್ಳೋ ಸೆಲ್ಲಲ್ಲಿ ಇನ್ನೂ ಜೀವ ಇರುತ್ತೆ. 9 ವೋಲ್ಟಿನ ಚೌಕದ ಬ್ಯಾಟರಿ ನೋಡಿ, ಎರಡೂ ತುದಿ ಒಂದೇ ತಲೆ ಮೇಲೆ, ಪಕ್ಕದಲ್ಲಿ ಒಂದು ಬೀಗದ ಕೈ ಅಡ್ಡ ಬಿದ್ರೆ ಎರಡೂ ಸೇರಿ ಬಿಸಿಯಾಗಿ ಬೆಂಕಿ, ಮುಗೀತು. ಬೇಕಂತಲೇ ಹಳೇದೊಂದಕ್ಕೆ ಸ್ಟೀಲ್ ವುಲ್ (ಕೂದಲಿನಂಥ ಉಕ್ಕಿನ ಎಳೆಗಳ ಉಂಡೆ) ತಾಗಿಸಿ ನೋಡಿದೆ, ಹೊರಗಡೆ, ಬಕೆಟ್ ನೀರು ಪಕ್ಕ ಇಟ್ಕೊಂಡು. ಎಳೆ ಕೆಂಪಗಾಗಿ ಚುರುಚುರು ಅಂತ ಹತ್ಕೊಂತು. ಮನೆಯವ್ರಿಗೆ ಅದನ್ನ ತೋರಿಸಿದ್ಮೇಲೆ ಸೆಲ್ಲಿನ ತುದಿಗಳು ಏನಕ್ಕೂ ತಾಗದ ಹಾಗೆ ಟೇಪ್ ಹಚ್ಚೋ ಕೆಲಸಕ್ಕೆ ಎದುರು ಮಾತು ಬಂದಿಲ್ಲ. ನೀವು ಮಾಡೋಕೆ ಹೋಗ್ಬೇಡಿ, ನಾನು ಮಾಡಿದೀನಲ್ಲ ಸಾಕು.

ಟೇಪಲ್ಲೂ ಪಾಠ ಇದೆ. ಮೊದಲು ಕಪ್ಪು ಇನ್ಸುಲೇಷನ್ ಟೇಪು ಪೂರ್ತಿ ಸುತ್ತುತ್ತಿದ್ದೆ, ಸೆಂಟರ್‌ನವ್ರು ಬೈದ್ರು, ಯಾವ ಜಾತಿ ಸೆಲ್ಲು ಅಂತ ಅವ್ರಿಗೆ ಕಾಣ್ಬೇಕು, ಲಿಥಿಯಂ ಬೇರೆ ನಿಕಲ್ ಬೇರೆ ಆಲ್ಕಲೈನ್ ಬೇರೆ ಹೋಗುತ್ತೆ. ಈಗ ಪಾರ್ಸಲ್‌ಗೆ ಹಾಕೋ ಟ್ರಾನ್ಸ್‌ಪರೆಂಟ್ ಟೇಪು, ತುದಿಗೆ ಮಾತ್ರ, ಖರ್ಚೂ ಕಮ್ಮಿ. ಗುಂಡಿಯಂಥ ಕಾಯಿನ್ ಸೆಲ್ಲುಗಳನ್ನ, ಸಿಆರ್2032 ಥರದ್ದು, ಟೇಪಿನ ಎರಡು ಪದರದ ಮಧ್ಯೆ ಸಾಲಾಗಿ ಅಂಟಿಸಿಬಿಡ್ತೀನಿ, ಮಾತ್ರೆ ಸ್ಟ್ರಿಪ್ ಥರ ಕಾಣುತ್ತೆ. ಇದರಲ್ಲಿ ಮಾತ್ರ ಸೋಮಾರಿತನ ಬೇಡ, ಮಗು ನುಂಗಿ ಗಂಟಲಲ್ಲಿ ಸಿಕ್ಕಾಕೊಂಡ್ರೆ ಎರಡು ಗಂಟೆಯೊಳಗೇ ಅನ್ನನಾಳ ಸುಡೋಕೆ ಶುರುವಾಗುತ್ತೆ, ನೇರ ಆಸ್ಪತ್ರೆಗೆ ಓಡ್ಬೇಕು.

ಉಬ್ಬಿದ ಪವರ್ ಬ್ಯಾಂಕ್ ಒಂದಿತ್ತು. ಸೂಜೀಲಿ ಚುಚ್ಚಿದ್ರೆ ಗ್ಯಾಸ್ ಹೋಗಿ ಚಪ್ಪಟೆ ಆಗುತ್ತೆ ಅಂತ ಹೇಳೋ ಮಹಾನುಭಾವರು ಬೇಕಾದಷ್ಟು ಜನ ಇದಾರೆ. ಒಳಗಿನ ಪದರಗಳು ಒಂದಕ್ಕೊಂದು ತಾಗಿದ್ರೆ ತಾನೇ ತಾನಾಗಿ ಬಿಸಿ ಏರ್ತಾ ಹೋಗಿ ಬೆಂಕಿ, ಆಮೇಲೆ ಯಾರಪ್ಪ ಬಂದ್ರೂ ನಿಲ್ಲಲ್ಲ. ಚಾರ್ಜಿಗೆ ಹಾಕ್ದೆ, ಒತ್ತದೆ, ಒಣ ಮರಳು ತುಂಬಿದ ತಗಡಿನ ಡಬ್ಬದಲ್ಲಿ ಹೂತು ಮುಚ್ಚಳ ಬಿಗಿಯದೆ ಹೊರಗಡೆ ನೆರಳಲ್ಲಿಟ್ಟೆ, ಸೆಂಟರಿಗೆ ಫೋನ್ ಮಾಡಿ ಉಬ್ಬಿದೆ ಅಂತ ಮುಂಚೇನೇ ಹೇಳಿ ತಗೊಂಡು ಹೋದೆ. ಉಳಿದವುಗಳ ಜೊತೆ ಕೂಡಿಸಿಡೋದು ಇಲ್ಲವೇ ಇಲ್ಲ.

ಬಲ್ಬು ಸುಲಭ. ಹೊಸ ಎಲ್‌ಇಡಿ ಬಂದ ರಟ್ಟಿನ ಡಬ್ಬದಲ್ಲೇ ಹಳೇ ಸಿಎಫ್‌ಎಲ್ ಕೂರಿಸ್ತೀನಿ. ಅದರೊಳಗೆ ಪಾದರಸ ಇರೋದು ನಾಲ್ಕೈದು ಮಿಲಿಗ್ರಾಂ ಅಷ್ಟೇ, ಒಡೆದ್ರೆ ಗಾಬರಿ ಬೇಡ, ಆದ್ರೆ ಪೊರಕೆ ವ್ಯಾಕ್ಯೂಮ್ ಎರಡೂ ಮುಟ್ಟಬೇಡಿ. ಫ್ಯಾನ್ ಆಫ್ ಮಾಡಿ ಕಿಟಕಿ ತೆಗೆದು ಹತ್ತು ನಿಮಿಷ ಆಚೆ ಹೋಗಿ ಬನ್ನಿ, ಗಟ್ಟಿ ರಟ್ಟಲ್ಲಿ ಎತ್ತಿ, ಪುಡಿಗೆ ಟೇಪು ಒತ್ತಿ, ಎಲ್ಲ ಗಾಜಿನ ಬಾಟ್ಲಿಗೆ. ನಿಜವಾಗಿ ಹುಷಾರಾಗಿರ್ಬೇಕಾದ್ದು ಹಳೇ ಜ್ವರದ ಥರ್ಮಾಮೀಟರ್ ಬಗ್ಗೆ, ಅದೊಂದರಲ್ಲೇ ಸುಮಾರು ಅರ್ಧ ಗ್ರಾಂ, ಅಂದ್ರೆ ನೂರು ಬಲ್ಬಿಗಾಗೋಷ್ಟು.

ದ್ರವಗಳಿಗೆ ನನ್ನ ರೂಲ್ ಒಂದೇ, ಎರಡು ಅರ್ಧ ಬಾಟ್ಲಿ ಸೇರಿಸಿ ಒಂದು ಮಾಡೋ ಜಾಣತನ ಬೇಡ. ಬ್ಲೀಚಿಗೆ ಆಸಿಡ್ ಇರೋ ಟಾಯ್ಲೆಟ್ ಕ್ಲೀನರ್ ಬಿದ್ರೆ ಕ್ಲೋರಿನ್ ಗ್ಯಾಸು, ಸಣ್ಣ ಬಾತ್‌ರೂಮಲ್ಲಿ ಉಸಿರು ಕಟ್ಟಿಸುತ್ತೆ. ಹಳೇ ಎಂಜಿನ್ ಆಯಿಲ್ಲನ್ನ ಶುದ್ಧ ಮಾಡಿ ಮತ್ತೆ ಆಯಿಲ್ಲೇ ಮಾಡ್ತಾರೆ, ಅದಕ್ಕೆ ಕೂಲೆಂಟೋ ಪೆಟ್ರೋಲೋ ಸೇರಿದ್ರೆ ಯಾರೂ ತಗೊಳಲ್ಲ. ಮರಕ್ಕೆ ಹಚ್ಚೋ ಅಗಸೆ ಎಣ್ಣೆ ಒರೆಸಿದ ಬಟ್ಟೇನ ಮುದ್ದೆ ಮಾಡಿ ಬಿಸಾಕ್ಬೇಡಿ, ಒಣಗ್ತಾ ಬಿಸಿಯಾಗಿ ತಾನೇ ಹೊತ್ಕೊಳ್ಳುತ್ತೆ, ಹೊರಗೆ ಬಿಡಿಬಿಡಿಯಾಗಿ ಹರಡಿ ಗಟ್ಟಿಯಾಗೋವರೆಗೂ ಒಣಗಿಸ್ಬೇಕು. ನೀರಿನ ಪೇಂಟಿಗೆ ಮರದ ಹೊಟ್ಟು ಕಲಸಿ ಮುಚ್ಚಳ ತೆಗೆದಿಟ್ರೆ ಕಲ್ಲಾಗುತ್ತೆ, ಆಮೇಲೆ ಬಹಳ ಕಡೆ ಮಾಮೂಲಿ ಕಸಕ್ಕೇ ತಗೋತಾರೆ, ತೂಕದ ಮೇಲೆ ಚಾರ್ಜ್ ಮಾಡೋ ಕಡೆ ಇದರಿಂದ ನನ್ನ ಖರ್ಚು ಅರ್ಧಕ್ಕಿಂತ ಕೆಳಗಿಳೀತು. ಆಯಿಲ್ ಪೇಂಟಿಗೆ ಈ ಆಟ ನಡೆಯಲ್ಲ, ಅದು ಡಬ್ಬದ ಸಮೇತ ಸೆಂಟರಿಗೇ. ಎಲ್ಲಕ್ಕಿಂತ ಅಗ್ಗದ ದಾರಿ ಬೇಕಾದೋರಿಗೆ ಕೊಟ್ಟು ಖಾಲಿ ಮಾಡೋದು, ನನ್ನ ಅರ್ಧ ಲೀಟರ್ ವಾರ್ನಿಷ್ ಬೇರೆಯವ್ರ ಕುರ್ಚಿ ಮೇಲಿದೆ. ಮಾತ್ರೆಗಳನ್ನ ವಾಪಸ್ ತಗೊಳ್ಳೋ ಔಷಧಿ ಅಂಗಡಿಗೆ ಕೊಡ್ತೀನಿ, ಫ್ಲಶ್ ಮಾಡಲ್ಲ.

ಇನ್ನು ದುಡ್ಡು ತರೋ ಭಾಗ. ಲೋಹ, ಪ್ಲಾಸ್ಟಿಕ್ಕು, ವೈರು ಎಲ್ಲ ಸೇರಿಸಿ ಒಂದೇ ಮೂಟೆ ಕೊಟ್ರೆ ಗುಜರಿಯವ್ರು ಅದರಲ್ಲಿರೋ ಅತಿ ಅಗ್ಗದ ಮಾಲಿನ ರೇಟೇ ಹಾಕೋದು. ಬೇರೆ ಮಾಡಿದ್ಮೇಲೆ ನನಗೆ ಹೆಚ್ಚುಕಮ್ಮಿ ಮೂರು ಪಟ್ಟು ಬಂತು, ಸೆಂಟರಿಗೆ ಹೋಗಿ ಬರೋ ಪೆಟ್ರೋಲ್ ಖರ್ಚು ಅದರಲ್ಲೇ ಕಳೆದು ಸ್ವಲ್ಪ ಉಳಿಯುತ್ತೆ. ಅಯಸ್ಕಾಂತ ಹಿಡಿದ್ರೆ ಕಬ್ಬಿಣ, ಬಿಟ್ರೆ ಅಲ್ಯೂಮಿನಿಯಂ ಡಬ್ಬ. ಚಿಪ್ಸ್ ಪ್ಯಾಕೆಟ್ ಮುದುರಿ ಬಿಡಿ, ಮತ್ತೆ ಅರಳಿದ್ರೆ ಪ್ಲಾಸ್ಟಿಕ್ಕು, ಫಾಯಿಲ್ ಜೊತೆ ಹಾಕ್ಬೇಡಿ. ಪ್ಲಾಸ್ಟಿಕ್ ಯಾವ ಜಾತಿ ಅಂತ ಹೇಳೋ ತ್ರಿಕೋನದ ನಂಬರ್ ಅಳಿಸಿಹೋದ ಚೂರುಗಳಿಗೆ ದಾರಿ ಹುಡುಕೋಕೆ, ನಂಬರ್ ಗೊತ್ತಿರೋ ಚೂರುಗಳನ್ನ ಬಕೆಟ್ ನೀರಿಗೆ ಹಾಕಿ ನೋಡಿದೆ, 2, 4, 5ನೇ ನಂಬರಿನವು ತೇಲಿದ್ವು, 1ನೇ ನಂಬರಿನ ಪೆಟ್ ಬಾಟ್ಲಿ ಚೂರು ಮುಳುಗ್ತು. ಅಲ್ಲಿಗೆ ಬಿಡ್ದೆ ನೀರಿಗೆ ಉಪ್ಪು ಸುರೀತಾ ಹೋದೆ, ಮುಳುಗಿದ್ದ 6ನೇ ನಂಬರಿನ ಗಟ್ಟಿ ಚೂರು ನಿಧಾನಕ್ಕೆ ಮೇಲೆದ್ದು ಬಂತು, ಪೆಟ್ ಮಾತ್ರ ಜಪ್ಪಯ್ಯ ಅಂದ್ರೂ ಏಳ್ಲಿಲ್ಲ. ತಾಮ್ರದ ವೈರು ಯಾವ ಲೆಕ್ಕದಲ್ಲಿ, ಯಾವಾಗ ಕೊಟ್ರೆ ಒಳ್ಳೇ ರೇಟು ಅನ್ನೋದು ನನ್ನ ಹತ್ರಾನೇ ಇರಲಿ. ಸುಲಿಯೋಕೆ ಬೇಜಾರು ಅಂತ ವೈರ್ ಸುಡೋ ಕೆಲಸ ಮಾತ್ರ ಮಾಡ್ಬೇಡಿ, ಮೇಲಿನ ಪಿವಿಸಿ ಪ್ಲಾಸ್ಟಿಕ್ಕಿನ ಹೊಗೆ ಕೆಟ್ಟದ್ದು, ಸುಟ್ಟ ತಾಮ್ರಕ್ಕೆ ರೇಟೂ ಕಮ್ಮಿ.

ಥರ್ಮಾಕೋಲ್ ಒಂದಕ್ಕೆ ಇನ್ನೂ ಸರಿಯಾದ ದಾರಿ ಸಿಕ್ಕಿಲ್ಲ. ಬಹುಪಾಲು ಗಾಳಿ ಆಗಿರೋದ್ರಿಂದ ತೂಕಾನೇ ಇಲ್ಲ, ಯಾರೂ ಮುಟ್ಟಲ್ಲ. ಹೊರಗಡೆ ಕೂತು ಒಂದು ಗಾಜಿನ ಲೋಟದಷ್ಟು ನೈಲ್ ಪಾಲಿಶ್ ತೆಗೆಯೋ ಅಸಿಟೋನ್‌ಗೆ ಅದ್ದಿದೆ, ಟಿವಿ ಪೆಟ್ಟಿಗೆಯ ಒಂದು ದೊಡ್ಡ ತುಂಡು ನೊರೆ ಬಿಟ್ಟು ಕುಗ್ಗಿ ಅಂಗೈ ತುಂಬೋಷ್ಟು ಅಂಟು ಮುದ್ದೆ ಆಯ್ತು, ನೋಡೋಕೆ ಮಜಾ. ಆದ್ರೆ ಉಳಿದ ಅಸಿಟೋನ್ ಎಲ್ಲಿ ಹಾಕೋದು? ಅದೂ ಬೆಂಕಿ ಹಿಡಿಯೋ ಮಾಲೇ, ಅದಕ್ಕೂ ಹೆಸರು ಬರೆದು ಶೆಲ್ಫಿಗೇ ಸೇರಿಸ್ಬೇಕಾಯ್ತು, ಕಸ ಕಮ್ಮಿ ಮಾಡೋಕೆ ಹೋಗಿ ಹೊಸ ಬಾಟ್ಲಿ ಹುಟ್ಟಿಸಿದ ಹಾಗೆ. ಈಗ ದೊಡ್ಡ ಸಾಮಾನು ಡೆಲಿವರಿಗೆ ಬಂದಾಗ ಅಲ್ಲೇ ಬಿಚ್ಚಿಸಿ ಥರ್ಮಾಕೋಲ್ ಅವ್ರ ಗಾಡಿಲೇ ವಾಪಸ್ ಕಳಿಸ್ತೀನಿ, ಗೊಣಗ್ತಾರೆ, ಆದ್ರೂ ತಗೊಂಡು ಹೋಗ್ತಾರೆ.