‘ನಿಮ್ಮಮ್ಮನಿಗೆ ಇದು ತುಂಬಾ ಇಷ್ಟ’: ಅಪ್ಪ–ಮಗಳ ಕಿರುಚಿತ್ರ ತೆಗೆದ ನನ್ನ ಅನುಭವ

ಮೊದಲ ಡ್ರಾಫ್ಟ್‌ನಲ್ಲಿ ನನ್ನ ಸಿನಿಮಾ ಗೋಡೆಯ ಮೇಲಿನ ಫೋಟೋದಿಂದ ಶುರುವಾಗುತ್ತಿತ್ತು. ತೀರಿಹೋದ ಹೆಂಡತಿಯ ಫೋಟೋ ನೋಡುತ್ತಾ ನಿಂತ ಗಂಡ, ಬಾಗಿಲಲ್ಲಿ ಎಂಟು ವರ್ಷದ ಮಗಳು, ಹೊರಗೆ ಮಳೆ. ಓದಿದ ಗೆಳೆಯ ಮೂರನೇ ಪುಟಕ್ಕೇ ತಲೆ ಎತ್ತಿ, “ಕಾಮಿಡಿ ಅಂದಿದ್ಯಲ್ಲ, ನಗೋದು ಎಲ್ಲಿ?” ಎಂದ. ಹನ್ನೊಂದನೇ ಪುಟದಲ್ಲಿದೆ ಎಂದೆ. ಅಲ್ಲಿ ಅಪ್ಪ ಬಟ್ಟೆ ಒಗೆಯೋಕೆ ಹೋಗಿ ಮನೆಯೆಲ್ಲ ನೊರೆ ಮಾಡಿಕೊಳ್ಳುತ್ತಾನೆ. ಗೆಳೆಯ ಅದನ್ನೂ ಓದಿದ. ನಗಲಿಲ್ಲ.

ತಪ್ಪು ಸಿಕ್ಕಿದ್ದು ಸುಮ್ನೆ ಒಂದು ಲೆಕ್ಕ ಹಾಕಿದಾಗ. ಮಗಳಿಗೆ ಈಗ ಎಂಟು. ತಾಯಿ ಹೋದಾಗ ಮೂರು. ಅಂದರೆ ಈ ಮನುಷ್ಯ ಐದು ವರ್ಷದಿಂದ ಒಬ್ಬನೇ ಮನೆ ನಡೆಸುತ್ತಿದ್ದಾನೆ. ಅವನಿಗೆ ಬಟ್ಟೆ ಒಗೆಯೋಕೆ ಬರದೇ ಇರುತ್ತದಾ? ಗಂಡಸಿಗೆ ಮನೆಗೆಲಸ ಬರೋದಿಲ್ಲ ಅನ್ನುವ ಜೋಕು ಮೊದಲ ತಿಂಗಳಿಗೆ ಸರಿ. ಐದನೇ ವರ್ಷಕ್ಕೂ ಅದೇ ನಡೆದರೆ ಅವನನ್ನು ಕಂಡು ಪಾಪ ಅನ್ನಿಸೋದಿಲ್ಲ, ಸಿಟ್ಟು ಬರುತ್ತದೆ. ಹನ್ನೊಂದನೇ ಪುಟ ಹರಿದು ಹಾಕಿದೆ.

ಅದೇ ಲೆಕ್ಕ ಇನ್ನೊಂದು ವಿಷಯವನ್ನೂ ತೋರಿಸಿತು. ಮೂರು ವರ್ಷದಲ್ಲಿ ಕಂಡಿದ್ದು ಹೆಚ್ಚಿನವರಿಗೆ ನೆನಪಿರೋದಿಲ್ಲ. ಹಾಗಾದರೆ ದುಃಖ ಅಪ್ಪನದು, ಮಗಳದು ಬರೀ ಕುತೂಹಲ. ಫೋಟೋ ಮುಂದೆ ನಿಂತು ಅಳೋದು ಅವಳ ಕೆಲಸವೇ ಅಲ್ಲ. ಅಮ್ಮ ಹೇಗಿದ್ದಳು ಅನ್ನೋದು ಅವಳಿಗೆ ಗೊತ್ತಾಗಬೇಕು. ಹೇಳೋಕೆ ಇರೋದು ಅಪ್ಪ ಒಬ್ಬನೇ. ಅವನು ಏನು ಹೇಳಿದರೂ ನಡೆಯುತ್ತದೆ!

ಕಥೆ ಸಿಕ್ಕಿದ್ದು ಇಲ್ಲಿ. ಮಗಳು ಬೆಳಿಗ್ಗೆ ಏಳೋದಿಲ್ಲ ಅಂದರೆ, “ನಿಮ್ಮಮ್ಮ ಐದಕ್ಕೇ ಏಳ್ತಿದ್ಲು.” ಲೆಕ್ಕ ಮಾಡೋದಿಲ್ಲ ಅಂದರೆ, “ನಿಮ್ಮಮ್ಮನಿಗೆ ಗಣಿತ ಅಂದ್ರೆ ಪ್ರಾಣ.” ನಾಯಿಮರಿ ಬೇಕು ಅಂದರೆ, “ನಿಮ್ಮಮ್ಮನಿಗೆ ನಾಯಿ ಕಂಡ್ರೆ ಆಗ್ತಿರಲಿಲ್ಲ.” ಮೂರು ತಿಂಗಳ ಹಿಂದೆ ಅವಳು ಬೀದಿ ನಾಯಿಗೆ ಹೆದರಿದಾಗ, “ನಿಮ್ಮಮ್ಮ ನಾಯಿ ಪಕ್ಕಾನೇ ಮಲಗ್ತಿದ್ಲು” ಎಂದಿದ್ದು ಅವನಿಗೆ ಮರೆತಿದೆ. ಮಗಳಿಗೆ ಮರೆತಿಲ್ಲ. ಎಲ್ಲವನ್ನೂ ನಂಬರ್ ಹಾಕಿ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದಾಳೆ.

ಅಪ್ಪನ ಸುಳ್ಳು ಹೊಸದೇನಲ್ಲ ಬಿಡಿ. ಜಪಾನಿನ ನಿರ್ದೇಶಕ ಓಝು ಅವರ 1949ರ ‘ಲೇಟ್ ಸ್ಪ್ರಿಂಗ್’ ಸಿನಿಮಾದಲ್ಲೂ ಹೆಂಡತಿ ಕಳೆದುಕೊಂಡ ಅಪ್ಪನೊಬ್ಬ ಇದ್ದಾನೆ. ಬೆಳೆದ ಮಗಳು ಮದುವೆಗೆ ಒಪ್ಪಲಿ ಅಂತ, ತಾನೂ ಇನ್ನೊಂದು ಮದುವೆ ಆಗುತ್ತೇನೆ ಎಂದು ಸುಳ್ಳು ಹೇಳುತ್ತಾನೆ. ಆ ಸುಳ್ಳಿನ ಭಾರ ಕೊನೆಗೆ ಅವನ ಮೇಲೇ ಬೀಳುತ್ತದೆ. ನನ್ನ ಸಿನಿಮಾದ ಅಪ್ಪನ ಸುಳ್ಳುಗಳು ಅಷ್ಟು ದೊಡ್ಡವಲ್ಲ. ಆದರೆ ದಿನಕ್ಕೊಂದು ಇವೆ.

ಮುಖ್ಯ ಸೀನು ಹೀಗೆ ಬಂತು. ಮಗಳು ನೋಟ್‌ಬುಕ್ ತೆಗೆದು ನಲವತ್ತೊಂದು ಸಾಲನ್ನೂ ಓದುತ್ತಾಳೆ. ಓದಿ ಮುಗಿಸಿ, “ಅಪ್ಪಾ, ಅಮ್ಮನಿಗೆ ನಿಜವಾಗ್ಲೂ ಇಷ್ಟ ಇಲ್ಲದೇ ಇದ್ದಿದ್ದು ಯಾವುದು?” ಎನ್ನುತ್ತಾಳೆ. ಅಪ್ಪ ಸುಮಾರು ಹೊತ್ತು ಯೋಚಿಸಿ, “ನಾನು ಹಾಡೋದು” ಎನ್ನುತ್ತಾನೆ.

ಇದಾದ ಮೇಲೆ ಒಂದೂವರೆ ಪುಟ ಮಾತು ಬರೆದಿದ್ದೆ. ಹೆಂಡತಿಯ ನಗು, ಅವಳ ಕಾಯಿಲೆ, ಆಸ್ಪತ್ರೆಯ ಕೊನೆಯ ರಾತ್ರಿ. ಎಲ್ಲ ಹೋಯಿತು. ಆ ಎರಡು ಪದದಲ್ಲಿ ಒಂದು ಮದುವೆ ಇಡೀ ಇದೆ, ಅಲ್ವಾ? ಆದರೆ ಅದು ನಾಟಬೇಕಾದರೆ ಅವನ ಕೆಟ್ಟ ಹಾಡನ್ನು ನೋಡುವವರು ಮೊದಲೇ ಕೇಳಿರಬೇಕು. ಹಿಂದೆ ಹೋಗಿ ಮೂರು ಕಡೆ ಹಾಡಿಸಿದೆ. ಮೂರೂ ಸಲ ಸುಮ್ನೆ ತಮಾಷೆಗೆ, ಬೇರೆ ಕೆಲಸ ಮಾಡುತ್ತಾ. ಮೂರನೆಯದರ ಹೊತ್ತಿಗೆ ಜನ ಅದನ್ನು ಮಾಮೂಲಿ ಜೋಕು ಅಂದುಕೊಂಡಿರಬೇಕು, ಅದಕ್ಕಿಂತ ಜಾಸ್ತಿ ಯೋಚಿಸಬಾರದು.

ಸ್ಕ್ರಿಪ್ಟ್ 24 ಪುಟ ಬಂತು. ಪುಟಕ್ಕೆ ಒಂದು ನಿಮಿಷ ಅನ್ನೋದು ಈ ಕೆಲಸದ ಹಳೆಯ ಅಂದಾಜು. ನಮ್ಮದು 27 ನಿಮಿಷ ಆಯಿತು. ಅಪ್ಪ ಯೋಚಿಸುವ ಹೊತ್ತನ್ನು ಪುಟ ಲೆಕ್ಕ ಹಿಡಿಯೋದಿಲ್ಲ.

ಮಗಳ ಪಾತ್ರಕ್ಕೆ ಸಿಕ್ಕ ಹುಡುಗಿಗೆ ಸಂಭಾಷಣೆ ಬಾಯಿಪಾಠ ಮಾಡಿಸಲಿಲ್ಲ. ಮಾಡಿಸಿದರೆ ಮಕ್ಕಳು ಶಾಲೆಯ ಪದ್ಯ ಒಪ್ಪಿಸುವ ಹಾಗೆ ಒಪ್ಪಿಸುತ್ತಾರೆ. ಸಂದರ್ಭ ಹೇಳಿ, “ಅಪ್ಪ ಸುಳ್ಳು ಹೇಳ್ತಿದ್ದಾನೆ, ಹಿಡಿ ನೋಡೋಣ” ಎನ್ನುತ್ತಿದ್ದೆ. ಅವಳ ಶಾಟ್‌ಗಳನ್ನೆಲ್ಲ ಮೊದಲು ಮುಗಿಸುತ್ತಿದ್ದೆವು. ದೊಡ್ಡವರ ಶಾಟ್ ಅವಳು ಸುಸ್ತಾದ ಮೇಲೂ ತೆಗೆಯಬಹುದು. ಕ್ಯಾಮೆರಾ ಅವಳ ಕಣ್ಣಿನ ಎತ್ತರಕ್ಕೇ ಇತ್ತು. ಅಲ್ಲಿಂದ ನೋಡಿದರೆ ಅಪ್ಪ ದೊಡ್ಡವನಾಗಿಯೂ ಕಾಣುತ್ತಾನೆ, ಸ್ವಲ್ಪ ಪೆದ್ದನಾಗಿಯೂ ಕಾಣುತ್ತಾನೆ. ಒಂದು ಸೀನಿನಲ್ಲಿ ಅವಳಿಗೆ ಅಳು ಬರಲಿಲ್ಲ. “ನಿನ್ನ ಸ್ವಂತ ಅಮ್ಮನಿಗೆ ಏನೋ ಆಯ್ತು ಅಂತ ಅಂದ್ಕೋ ಅನ್ನಿ” ಎಂದು ಒಬ್ಬರು ನನ್ನ ಕಿವಿಯಲ್ಲಿ ಹೇಳಿದರು. ಅದು ಆಗೋದಿಲ್ಲ ಎಂದೆ. ಮಗುವನ್ನು ಹೆದರಿಸಿ ತೆಗೆದ ಕಣ್ಣೀರು ನನಗೆ ಬೇಡ. ಅವಳು ಬೆನ್ನು ತಿರುಗಿಸಿ ಕೂತ ಶಾಟ್ ಇಟ್ಟೆವು. ಅದೇ ಒಳ್ಳೆಯದಾಯಿತು.

ಜಡೆಯ ಸೀನು ಬೇಡ ಅಂತಲೇ ಇದ್ದೆ. ಒಂಟಿ ಅಪ್ಪ ಅಂದ ಕೂಡಲೇ ಎಲ್ಲರೂ ಸೊಟ್ಟ ಜಡೆ ಹೆಣೆಸುತ್ತಾರೆ. ಆದರೂ ಒತ್ತಾಯಕ್ಕೆ ಬರೆದೆ. ನಮ್ಮ ನಟ ಎಷ್ಟು ಶ್ರದ್ಧೆಯ ಮನುಷ್ಯ ಅಂದರೆ, ಒಂದು ತಿಂಗಳು ಅಕ್ಕನ ಮಗಳ ತಲೆ ಹಿಡಿದು ಅಭ್ಯಾಸ ಮಾಡಿ, ಶೂಟಿಂಗ್ ದಿನ ನಮ್ಮ ಮೇಕಪ್‌ನವರಿಗಿಂತ ಚೆನ್ನಾಗಿ ಹೆಣೆದರು. ಬೇಕೆಂದೇ ಕೆಡಿಸಿ ಎಂದರೆ ನಾಟಕದ ಹಾಗೆ ಕಾಣುತ್ತಿತ್ತು. ಪ್ರತಿ ಟೇಕ್‌ಗೂ ಜಡೆ ಬಿಚ್ಚಿ, ಬಾಚಿ, ಕಂಟಿನ್ಯುಟಿ ಫೋಟೋ ನೋಡಿ ಮೊದಲಿನ ಹಾಗೆ ಮಾಡೋಕೆ ಹತ್ತು ನಿಮಿಷ. ನಾಲ್ಕನೇ ಟೇಕ್‌ಗೆ ಸೀನನ್ನೇ ತಿರುಗಿಸಿದೆ. ಅಪ್ಪ ಅಂದವಾದ ಜಡೆ ಹೆಣೆದು, ಹೆಮ್ಮೆಯಿಂದ ಕನ್ನಡಿ ಹಿಡಿಯುತ್ತಾನೆ. ಮಗಳು ನೋಡಿ, “ನಂಗೆ ಕೂದಲು ಗಿಡ್ಡ ಮಾಡಿಸ್ಬೇಕು” ಎನ್ನುತ್ತಾಳೆ. ಅಪ್ಪ ಕನ್ನಡಿಯನ್ನು ಹಾಗೇ ಹಿಡಿದುಕೊಂಡು ನಿಲ್ಲುತ್ತಾನೆ.

ಎಡಿಟಿಂಗ್‌ನಲ್ಲಿ ‘ನಾನು ಹಾಡೋದು’ ನಮ್ಮನ್ನು ಹತ್ತು ದಿನ ಕಾಡಿತು. ಆ ಮಾತಿಗೆ ವಯಲಿನ್ ಹಾಕಿದ್ದೆವು. ತೋರಿಸಿದ ಆರು ಜನರಲ್ಲಿ ಒಬ್ಬರೂ ನಗಲಿಲ್ಲ, ಎಲ್ಲರೂ ಮುಖ ಗಂಭೀರ ಮಾಡಿಕೊಂಡರು. ಸಂಗೀತ ತೆಗೆದೆವು. ಆಗ ನಕ್ಕರು, ಆದರೆ ಅಷ್ಟಕ್ಕೇ ಮುಗಿಯಿತು. ಸುಮಾರು ನೂರು ವರ್ಷದ ಹಿಂದೆ ರಷ್ಯಾದ ನಿರ್ದೇಶಕ ಕುಲೆಶೋವ್ ತೋರಿಸಿದ್ದು ನೆನಪಾಯಿತು. ಒಂದೇ ಮುಖದ ಶಾಟ್, ಪಕ್ಕದಲ್ಲಿ ಏನಿಡುತ್ತೀರೋ ಅದರ ಮೇಲೆ ಅದರ ಅರ್ಥ. ಅಪ್ಪನ ಮುಖದ ನಂತರ ಫೋಟೋ ಇಟ್ಟಿದ್ದೆವು. ಅದನ್ನು ಕಿತ್ತು, ಮಗಳು ಪೆನ್ಸಿಲ್ ಹುಡುಕುವ ಶಾಟ್ ಇಟ್ಟೆವು. ಅದಕ್ಕೆ ಮೊದಲು ಅಪ್ಪನ ಮುಖವನ್ನು ಎರಡು ಸೆಕೆಂಡ್, ಅಂದರೆ 48 ಫ್ರೇಮ್, ಜಾಸ್ತಿ ಬಿಟ್ಟೆವು. ಈ ಸಲ ನಗು ಬಂತು, ಆಮೇಲೆ ಕೋಣೆ ಸುಮ್ಮನಾಯಿತು.

ಅವಳು ಪೆನ್ಸಿಲ್ ಹುಡುಕೋದು ನಲವತ್ತೆರಡನೇ ಸಾಲು ಬರೆಯೋಕೆ: ‘ಅಪ್ಪನ ಹಾಡು. ನಂಗೂ ಇಷ್ಟ ಇಲ್ಲ.’ ಆ ಕ್ಲೋಸಪ್ ತೆಗೆಯೋದನ್ನೇ ಮರೆತು ಪ್ಯಾಕಪ್ ಮಾಡಿದ್ದೆವು. ಹುಡುಗಿ ಪರೀಕ್ಷೆಯಲ್ಲಿದ್ದಳು. ಕೊನೆಗೆ ನಮ್ಮ ಸಹಾಯಕ ನಿರ್ದೇಶಕಿ, ಅಕ್ಷರ ಮಕ್ಕಳದರ ಹಾಗೆ ಕಾಣಲಿ ಅಂತ ಎಡಗೈಯಲ್ಲಿ ಬರೆದಳು. ನಾವು ಅದನ್ನು ನನ್ನ ಊಟದ ಮೇಜಿನ ಮೇಲೆ ತೆಗೆದೆವು. ಅವಳ ಕಿರುಬೆರಳಿನ ಉಗುರಿನಲ್ಲಿ ಸ್ವಲ್ಪ ಕೆಂಪು ಬಣ್ಣ ಉಳಿದಿದೆ. ಇದುವರೆಗೆ ಯಾರೂ ಹಿಡಿದಿಲ್ಲ. ನನಗೆ ಮಾತ್ರ ಆ ಶಾಟ್‌ನಲ್ಲಿ ಬೇರೆ ಏನೂ ಕಾಣಿಸೋದೇ ಇಲ್ಲ.