ಮೂವತ್ತನೇ ದಿನದ ಫೋನು

ಥಿಯೇಟರ್ ಬಾಗಿಲು ತೆರೆದು ಹೊರಗೆ ಬಂದ ಕೂಡಲೇ ಮನೆಯವರು ಕೇಳುವುದು ಒಂದೇ ಪ್ರಶ್ನೆ. "ಡಾಕ್ಟ್ರೇ, ಆಪರೇಷನ್ ಚೆನ್ನಾಗಿ ಆಯ್ತಾ?" ಮೊದಲೆಲ್ಲ ನಾನು "ಚೆನ್ನಾಗಿ ಆಯ್ತು" ಅಂತ ಹೇಳಿ ಮುಂದಿನ ಕೇಸಿಗೆ ಹೋಗುತ್ತಿದ್ದೆ. ಈಗ ಹಾಗೆ ಹೇಳುವುದಿಲ್ಲ. "ಇವತ್ತಿನ ಕೆಲಸ ಸರಿಯಾಗಿ ಆಗಿದೆ, ಉಳಿದದ್ದನ್ನು ಹೇಳೋಕೆ ಒಂದು ತಿಂಗಳು ಬೇಕು" ಎನ್ನುತ್ತೇನೆ. ಕಿಡ್ನಿ ಕಸಿ ಆಗಿದ್ದರೆ ಒಂದು ವರ್ಷ ಬೇಕು ಎನ್ನುತ್ತೇನೆ. ಇಷ್ಟು ಹೇಳುವುದನ್ನು ಕಲಿಯೋಕೆ ನನಗೆ ಬಹಳ ವರ್ಷ ಹಿಡಿಯಿತು.

ನಾನು ಜನರಲ್ ಸರ್ಜನ್. ಹರ್ನಿಯಾ, ಪಿತ್ತಕೋಶದ ಕಲ್ಲು, ಅಪೆಂಡಿಕ್ಸ್, ಕರುಳಿನ ಆಪರೇಷನ್, ಇವೇ ದಿನದ ಕೆಲಸ. ಆಮೇಲೆ ಕಿಡ್ನಿ ಕಸಿ ತಂಡಕ್ಕೂ ಸೇರಿದೆ. ಲೆಕ್ಕ ಇಡುವ ಅಭ್ಯಾಸ ಶುರುವಾಗಿದ್ದು ಒಬ್ಬ ಹರ್ನಿಯಾ ರೋಗಿಯಿಂದ. ಮೂರನೇ ದಿನ ನಗುತ್ತಾ ಮನೆಗೆ ಹೋಗಿದ್ದರು. ಕೆಲವು ತಿಂಗಳ ನಂತರ ಬೇರೆ ಯಾರನ್ನೋ ನೋಡಲು ವಾರ್ಡಿಗೆ ಬಂದಾಗ ಸಿಕ್ಕಿದರು. "ಹತ್ತನೇ ದಿನಕ್ಕೆ ಗಾಯದಿಂದ ಕೀವು ಬಂತು ಸಾರ್. ಮನೆ ಹತ್ತಿರದ ಡಾಕ್ಟರು ಹೊಲಿಗೆ ಬಿಚ್ಚಿ ಒಂದು ತಿಂಗಳು ಡ್ರೆಸಿಂಗ್ ಮಾಡಿದ್ರು. ನಿಮಗ್ಯಾಕೆ ಸುಮ್ನೆ ತೊಂದರೆ ಅಂತ ಬರಲಿಲ್ಲ" ಅಂದರು. ನನ್ನ ತಲೆಯಲ್ಲಿ ಅವರು ಯಾವ ತೊಂದರೆಯೂ ಆಗದ ರೋಗಿ! ಇಂಥವರು ಇನ್ನೆಷ್ಟು ಜನ ಇದ್ದಾರೋ ಅನ್ನೋ ಯೋಚನೆ ಆ ರಾತ್ರಿ ಬಿಡಲಿಲ್ಲ.

ಗಾಯದ ಸೋಂಕಿನ ವಿಷಯದಲ್ಲಿ ಇದು ಹೊಸದೇನಲ್ಲ. ಎಷ್ಟೋ ಸೋಂಕು ಡಿಸ್ಚಾರ್ಜ್ ಆದ ಮೇಲೇ ಕಾಣಿಸುತ್ತದೆ. ಅದಕ್ಕೇ 30 ದಿನದವರೆಗೆ ಲೆಕ್ಕ ಹಿಡಿಯುತ್ತಾರೆ, ಹರ್ನಿಯಾಕ್ಕೆ ಹಾಕುವ ಮೆಶ್ ಎಂಬ ಬಲೆಯಂಥ ವಸ್ತು ಒಳಗೆ ಇಟ್ಟಿದ್ದರೆ 90 ದಿನ. ಇದೆಲ್ಲ ಓದಿ ಪಾಸಾಗಿದ್ದವನೇ ನಾನು. ನನ್ನ ರೋಗಿಗಳಿಗೆ ಅನ್ವಯಿಸಿ ನೋಡಿರಲಿಲ್ಲ ಅಷ್ಟೇ.

ಆಗ ನನಗೆ ಧೈರ್ಯ ಕೊಟ್ಟಿದ್ದು ಬೋಸ್ಟನ್ನಿನ ಅರ್ನೆಸ್ಟ್ ಕಾಡ್‌ಮನ್ ಎಂಬ ಸರ್ಜನ್. ನೂರು ವರ್ಷಕ್ಕೂ ಹಿಂದಿನವರು. ಪ್ರತಿ ರೋಗಿಯನ್ನೂ ಕೊನೆಯ ಫಲಿತಾಂಶ ತಿಳಿಯುವಷ್ಟು ದಿನ ಹಿಂಬಾಲಿಸಬೇಕು, ಸರಿಹೋಗದಿದ್ದರೆ ಯಾಕೆ ಅಂತ ಹುಡುಕಬೇಕು ಅನ್ನುವುದು ಅವರ ಹಟ. 1911ರಿಂದ 1916ರವರೆಗೆ ಅವರ ಪುಟ್ಟ ಆಸ್ಪತ್ರೆಯಿಂದ ಮನೆಗೆ ಹೋದ ರೋಗಿಗಳು 337. ಅವರಲ್ಲಿ ಆದ 123 ತಪ್ಪುಗಳನ್ನು ತಾವೇ ಬರೆದು, ಎಲ್ಲರಿಗೂ ತಿಳಿಯುವಂತೆ ಅಚ್ಚು ಹಾಕಿಸಿದರು. ಅಷ್ಟು ದೊಡ್ಡ ಮನಸ್ಸು ನನಗಿದೆಯೋ ಇಲ್ಲವೋ, ಒಂದು ನೋಟ್‌ಬುಕ್ ಕೊಳ್ಳೋಕೆ ಅಡ್ಡಿ ಏನು ಅಂದುಕೊಂಡೆ.

ಪ್ರತಿ ಆಪರೇಷನ್ನಿಗೆ ಒಂದು ಸಾಲು. ದಿನಾಂಕ, ಏನು ಮಾಡಿದೆ, ತುರ್ತೋ ಅಲ್ಲವೋ, ರೋಗಿಗೆ ಮೊದಲೇ ಇದ್ದ ಕಾಯಿಲೆ, ಗಾಯ ಹೇಗಿದೆ, ಮತ್ತೆ ಥಿಯೇಟರಿಗೆ ಕರೆದೊಯ್ಯಬೇಕಾಯಿತಾ, ಜೀವ ಉಳಿಯಿತಾ. ಮೊದಮೊದಲು ತೊಂದರೆಗಳನ್ನು "ಸ್ವಲ್ಪ ಸೋರಿತು", "ಚೂರು ಜ್ವರ" ಅಂತೆಲ್ಲ ಬರೆಯುತ್ತಿದ್ದೆ. ಆರು ತಿಂಗಳ ನಂತರ ಓದಿದರೆ ನನಗೇ ಅರ್ಥವಾಗಲಿಲ್ಲ. ಆಮೇಲೆ 2004ರ ಕ್ಲಾವಿಯೆನ್-ಡಿಂಡೊ ದರ್ಜೆಗಳಿಗೆ ಬದಲಾದೆ. ಅದರಲ್ಲಿ ತೊಂದರೆ ಎಷ್ಟು ದೊಡ್ಡದು ಅಂತ ನಿಮಗೇನನ್ನಿಸುತ್ತದೆ ಎಂದು ಕೇಳುವುದಿಲ್ಲ. ಸರಿಪಡಿಸೋಕೆ ಏನು ಮಾಡಬೇಕಾಯಿತು ಅಂತ ಕೇಳುತ್ತದೆ. ಹಾಸಿಗೆ ಪಕ್ಕದಲ್ಲೇ ಗಾಯ ಬಿಡಿಸಿದರೆ ಸಾಕಾಯಿತಾ, ಒಂದನೇ ದರ್ಜೆ. ಆಂಟಿಬಯೋಟಿಕ್ಕೋ ರಕ್ತವೋ ಕೊಡಬೇಕಾಯಿತಾ, ಎರಡು. ಮತ್ತೆ ಆಪರೇಷನ್ನೋ ಅಂಥದ್ದೇ ಚಿಕಿತ್ಸೆಯೋ ಮಾಡಬೇಕಾಯಿತಾ, ಮೂರು. ಐಸಿಯು ಸೇರುವಷ್ಟು ಜೀವಕ್ಕೆ ಅಪಾಯವಾಯಿತಾ, ನಾಲ್ಕು. ಸಾವು ಐದು. "ಚೂರು", "ಸ್ವಲ್ಪ" ಅನ್ನೋ ಪದಗಳಿಗೆ ಅಲ್ಲಿ ಜಾಗವೇ ಇಲ್ಲ.

ಮೂವತ್ತನೇ ದಿನ ಫೋನ್ ಮಾಡುವುದಕ್ಕೂ ಒಂದು ರೀತಿ ಇದೆ. "ಹುಷಾರಾಗಿದ್ದೀರಾ?" ಅಂತ ಕೇಳಿದರೆ ಎಲ್ಲರೂ "ಹೂಂ ಸಾರ್, ಆರಾಮಾಗಿದ್ದೀನಿ" ಅಂತಲೇ ಹೇಳುತ್ತಾರೆ. ಡಾಕ್ಟರೇ ಫೋನ್ ಮಾಡಿದ್ದಾರೆ, ಬೇಜಾರು ಮಾಡುವುದು ಬೇಡ ಅನ್ನೋ ಒಳ್ಳೆಯತನ. ಅದಕ್ಕೇ ಬೇರೆ ಪ್ರಶ್ನೆ ಕೇಳುತ್ತೇನೆ. ಗಾಯಕ್ಕೆ ಈಗಲೂ ಬಟ್ಟೆ ಕಟ್ಟುತ್ತಿದ್ದೀರಾ? ಹಾಕಿಕೊಂಡ ಬಟ್ಟೆಗೆ ಕಲೆ ಅಂಟಿತ್ತಾ? ಬೇರೆ ಡಾಕ್ಟರ ಹತ್ತಿರ ಹೋಗಿದ್ರಾ? ಮಾತ್ರೆ ಬರೆದುಕೊಟ್ರಾ? ಈ ನಾಲ್ಕು ಪ್ರಶ್ನೆಗೆ ನಿಜ ಹೊರಗೆ ಬರುತ್ತದೆ. ವಾರ್ಡಿನ ಸಿಸ್ಟರ್ ಒಬ್ಬರು ಈ ಕೆಲಸದಲ್ಲಿ ನನಗಿಂತ ಗಟ್ಟಿ. ಅವರ ಹತ್ತಿರ ರೋಗಿಗಳು ಏನನ್ನೂ ಮುಚ್ಚಿಡುವುದಿಲ್ಲ.

ಬರೆಯುತ್ತಾ ಹೋದಂತೆ ಕೆಲವು ವಿಷಯ ಕಣ್ಣಿಗೆ ಬಿದ್ದವು. ಚರ್ಮ ಕೊಯ್ಯುವ ಮೊದಲಿನ ಒಂದು ಗಂಟೆಯೊಳಗೆ ಆಂಟಿಬಯೋಟಿಕ್ ಹೋಗಬೇಕು. ನಮ್ಮಲ್ಲಿ ಅದನ್ನು ವಾರ್ಡಿನಲ್ಲೇ ಕೊಟ್ಟು ಕಳಿಸುತ್ತಿದ್ದರು, ಥಿಯೇಟರ್ ತಡವಾದರೆ ಸಮಯ ಮೀರುತ್ತಿತ್ತು. ಈಗ ಅರಿವಳಿಕೆ ಕೊಡುವವರ ಕೈಯಿಂದ ಟೇಬಲ್ ಮೇಲೇ ಕೊಡಿಸುತ್ತೇವೆ. ಕೂದಲು ಬೋಳಿಸುವ ರೇಜರ್ ಹೋಯಿತು, ಬೇಕಿದ್ದರೆ ಮಾತ್ರ ಕ್ಲಿಪ್ಪರ್. ಜೊತೆಗೆ ವಿಶ್ವ ಆರೋಗ್ಯ ಸಂಸ್ಥೆಯ ಚೆಕ್‌ಲಿಸ್ಟ್, ಅಂದರೆ ಆಪರೇಷನ್ ಸುರಕ್ಷಿತವಾಗಿರಲಿ ಅಂತ ಒಂದೊಂದಾಗಿ ಓದಿ ಖಚಿತಪಡಿಸಿಕೊಳ್ಳುವ ಪಟ್ಟಿ. 2008ರಲ್ಲಿ ಅದು ಬಂದಾಗ ಕಾಗದದ ಕೆಲಸ ಜಾಸ್ತಿಯಾಯಿತು ಅಂತ ನನಗೂ ಅನ್ನಿಸಿತ್ತು. ಎಂಟು ನಗರಗಳ ಎಂಟು ಆಸ್ಪತ್ರೆಗಳಲ್ಲಿ ಅದನ್ನು ಬಳಸಿದ ಮೇಲೆ ಸಾವು ಶೇ. 1.5ರಿಂದ 0.8ಕ್ಕೆ, ತೊಂದರೆಗಳು ಶೇ. 11ರಿಂದ 7ಕ್ಕೆ ಇಳಿದದ್ದು 2009ರಲ್ಲಿ ಪ್ರಕಟವಾಯಿತು. ಈಗ ಅದನ್ನು ಜೋರಾಗಿ ಓದದೆ ಚಾಕು ಮುಟ್ಟುವುದಿಲ್ಲ.

ಕಿಡ್ನಿ ಕಸಿಯಲ್ಲಿ ಲೆಕ್ಕವೇ ಬೇರೆ. ಹೊಸ ಕಿಡ್ನಿಯನ್ನು ಹಳೆಯದರ ಜಾಗದಲ್ಲಿ ಇಡುವುದಿಲ್ಲ. ಕೆಳಹೊಟ್ಟೆಯ ಒಂದು ಪಕ್ಕದಲ್ಲಿಟ್ಟು, ಕಾಲಿಗೆ ಹೋಗುವ ರಕ್ತನಾಳಗಳಿಗೆ ಜೋಡಿಸಿ, ಮೂತ್ರನಾಳವನ್ನು ಮೂತ್ರಕೋಶಕ್ಕೆ ಹೊಲಿಯುತ್ತೇವೆ. ರಕ್ತನಾಳವನ್ನು ಹಿಡಿದಿಟ್ಟ ಕ್ಲ್ಯಾಂಪ್ ಬಿಟ್ಟ ಕ್ಷಣ ಮಾತ್ರ ಎಷ್ಟು ಸಲ ನೋಡಿದರೂ ಹಳೆಯದಾಗುವುದಿಲ್ಲ. ಬೂದು ಬಣ್ಣದಲ್ಲಿ ಮೆತ್ತಗೆ ತಣ್ಣಗೆ ಇದ್ದ ಕಿಡ್ನಿ ನೋಡುನೋಡುತ್ತಲೇ ಗುಲಾಬಿ ಬಣ್ಣಕ್ಕೆ ತಿರುಗಿ ಗಟ್ಟಿಯಾಗುತ್ತದೆ. ಬೆರಳಿಟ್ಟರೆ ಮಿಡಿತ ಸಿಗುತ್ತದೆ. ಮೂತ್ರನಾಳದ ತುದಿಯಿಂದ ಒಂದು ಹನಿ ಮೂತ್ರ ಬಂದರೆ ಥಿಯೇಟರಿನಲ್ಲಿ ಎಲ್ಲರೂ ಒಂದು ಕ್ಷಣ ಸುಮ್ಮನಾಗುತ್ತಾರೆ.

ಆದರೆ ಆ ಹನಿಯೂ ಫಲಿತಾಂಶ ಅಲ್ಲ. ಬದುಕಿರುವ ದಾನಿಯ ಕಿಡ್ನಿ ಸಾಮಾನ್ಯವಾಗಿ ತಕ್ಷಣ ಕೆಲಸ ಶುರು ಮಾಡುತ್ತದೆ. ತೀರಿಕೊಂಡವರ ಕಿಡ್ನಿ, ಅದರಲ್ಲೂ ಐಸಿನಲ್ಲಿ ಜಾಸ್ತಿ ಹೊತ್ತು ಇದ್ದದ್ದು, ಕೆಲವು ದಿನ ಮಲಗಿಬಿಡಬಹುದು. ಮೊದಲ ವಾರದಲ್ಲಿ ಡಯಾಲಿಸಿಸ್ ಬೇಕಾದರೆ ಅದನ್ನೂ ಬರೆಯುತ್ತೇನೆ. ಗಂಟೆಗಂಟೆಗೂ ಮೂತ್ರದ ಅಳತೆ, ದಿನಾ ಕ್ರಿಯಾಟಿನಿನ್, ಅಂದರೆ ಕಿಡ್ನಿ ಎಷ್ಟು ಕೆಲಸ ಮಾಡುತ್ತಿದೆ ಅಂತ ಹೇಳುವ ರಕ್ತಪರೀಕ್ಷೆ. ಆಮೇಲೆ ತಿರಸ್ಕಾರ ಆಯಿತಾ, ಅಂದರೆ ದೇಹ ಹೊಸ ಕಿಡ್ನಿಯನ್ನು ಹೊರಗಿನದು ಅಂತ ಎದುರಿಸಿತಾ, ಮೂತ್ರ ಸೋರಿತಾ, ಕಿಡ್ನಿ ಸುತ್ತ ನೀರು ತುಂಬಿತಾ. 1954ರ ಡಿಸೆಂಬರ್ 23ರಂದು ಬೋಸ್ಟನ್ನಿನಲ್ಲಿ ಜೋಸೆಫ್ ಮರ್ರೆ ಮೊದಲ ಯಶಸ್ವಿ ಕಸಿ ಮಾಡಿದರು. ಅಲ್ಲಿ ದಾನಿ ಮತ್ತು ರೋಗಿ ಒಂದೇ ರೂಪದ ಅವಳಿಗಳು, ಹಾಗಾಗಿ ತಿರಸ್ಕಾರದ ಭಯ ಇರಲಿಲ್ಲ. ಉಳಿದವರಿಗೆ ಆ ಭಯ ಜೀವನಪೂರ್ತಿ ಇರುತ್ತದೆ. ಅದಕ್ಕೇ ಕಸಿಯ ಸಾಲು ನನ್ನ ಪುಸ್ತಕದಲ್ಲಿ ಎಂದೂ ಮುಗಿಯುವುದಿಲ್ಲ.

ದಾನಿಗೂ ಒಂದು ಸಾಲು ಇದೆ. ರೋಗಿಯ ಸಾಲಿಗಿಂತ ಮೇಲೆ. ಕಾಯಿಲೆಯೇ ಇಲ್ಲದ ಮನುಷ್ಯ ನಮ್ಮನ್ನು ನಂಬಿ ಟೇಬಲ್ ಮೇಲೆ ಮಲಗಿರುತ್ತಾರೆ. ಅವರ ಬಿಪಿ, ಅವರ ಕ್ರಿಯಾಟಿನಿನ್, ಅವರ ಗಾಯ ಮೊದಲು, ಅಲ್ವಾ?

ಈ ಎರಡು ಕೆಲಸ ಒಂದಕ್ಕೊಂದು ಸೇರಿದ ಒಂದು ರಾತ್ರಿಯನ್ನು ಹೇಳಲೇಬೇಕು. ಕಸಿಯಾಗಿ ಎರಡು ವರ್ಷವಾಗಿದ್ದ ಒಬ್ಬರು ಹೊಟ್ಟೆನೋವು ಅಂತ ಬಂದರು. ಮುಟ್ಟಿ ನೋಡಿದೆ. ಹೊಟ್ಟೆ ಮೆತ್ತಗಿತ್ತು. ಜ್ವರ ಇಲ್ಲ. ನಾಡಿ ಮಾತ್ರ 110ರ ಹತ್ತಿರ. ಬೆಳಗ್ಗೆ ನೋಡೋಣ ಅಂತ ಬರೆದೆ. ಬೆಳಗ್ಗೆ ಸಿಟಿ ಸ್ಕ್ಯಾನ್ ಮಾಡಿದರೆ ದೊಡ್ಡ ಕರುಳು ತೂತಾಗಿ ಗಾಳಿ ಹೊರಗೆ ಬಂದಿತ್ತು. ಕರುಳು ತೂತಾದವರ ಹೊಟ್ಟೆ ಸಾಮಾನ್ಯವಾಗಿ ಹಲಗೆಯ ಹಾಗೆ ಗಟ್ಟಿಯಾಗುತ್ತದೆ. ಇವರಿಗೆ ಸ್ಟೀರಾಯ್ಡ್ ಮತ್ತು ತಿರಸ್ಕಾರ ತಡೆಯುವ ಔಷಧಿಗಳು ಆ ಗುರುತನ್ನೇ ಅಳಿಸಿದ್ದವು. ತೂತಾದ ಭಾಗ ತೆಗೆದು, ಮಲ ಹೊರಗೆ ಹೋಗಲಿ ಅಂತ ಕರುಳಿನ ಮೇಲಿನ ತುದಿಯನ್ನು ಹೊಟ್ಟೆಯ ಮೇಲೆ ತೆರೆದೆವು. ತಿರಸ್ಕಾರ ತಡೆಯುವ ಔಷಧಿಗಳಲ್ಲಿ ಒಂದಾದ ಮೈಕೋಫೆನೊಲೇಟ್ ನಿಲ್ಲಿಸಿದೆವು. ಸ್ಟೀರಾಯ್ಡನ್ನು ಒಮ್ಮೆಗೇ ನಿಲ್ಲಿಸುವ ಹಾಗಿಲ್ಲ, ಬದಲಿಗೆ ಆಪರೇಷನ್ನಿನ ಹೊತ್ತಿಗೆ ಜಾಸ್ತಿ ಕೊಡಬೇಕು. ಕ್ರಿಯಾಟಿನಿನ್ ಏರಿತು, ಐಸಿಯುನಲ್ಲಿ ಒಂದು ವಾರ ಉಸಿರು ಬಿಗಿಹಿಡಿದೆವು. ಕಿಡ್ನಿ ಉಳಿಯಿತು, ಅವರೂ ಉಳಿದರು. ಪುಸ್ತಕದಲ್ಲಿ ಅವರ ಸಾಲಿನ ಕೊನೆಗೆ "ಒಂದು ರಾತ್ರಿ ತಡ, ನನ್ನಿಂದ" ಅಂತ ಬರೆದೆ. ಅವರಿಗೂ ಅದನ್ನೇ ಹೇಳಿದೆ.

ಆವತ್ತಿನಿಂದ ಕಸಿಯಾದವರು ಹೊಟ್ಟೆನೋವು ಅಂತ ಬಂದರೆ ಆ ದಿನವೇ ಸ್ಕ್ಯಾನ್. ನನ್ನ ಕೈಗಿಂತ ನಾಡಿಯನ್ನು ಜಾಸ್ತಿ ನಂಬುತ್ತೇನೆ. ನೋವಿಗೆ ಡೈಕ್ಲೋಫೆನ್ಯಾಕ್ ಕೊಡಬೇಡಿ ಅಂತ ಕೇಸ್ ಶೀಟಿನ ಮೇಲೆ ಕೆಂಪು ಶಾಯಿಯಲ್ಲಿ ಬರೆಯುತ್ತೇವೆ, ಒಂದೇ ಕಿಡ್ನಿಯ ಮೇಲೆ ಬದುಕುವವರಿಗೆ ಅದು ಸಲ್ಲದು. ಶಿಲೀಂಧ್ರದ ಔಷಧಿ ಫ್ಲುಕೊನಜೋಲ್, ಆಂಟಿಬಯೋಟಿಕ್ ಕ್ಲಾರಿಥ್ರೋಮೈಸಿನ್ ಕೊಟ್ಟರೆ ತಿರಸ್ಕಾರ ತಡೆಯುವ ಟಾಕ್ರೋಲಿಮಸ್‌ನ ಮಟ್ಟ ರಕ್ತದಲ್ಲಿ ಏರುತ್ತದೆ, ಕ್ಷಯದ ಔಷಧಿ ರಿಫಾಂಪಿಸಿನ್ ಕೊಟ್ಟರೆ ಇಳಿಯುತ್ತದೆ. ಆಪರೇಷನ್ನಿಗೆ ಹೊಟ್ಟೆ ಖಾಲಿ ಇರಲಿ ಅಂತ ಬೆಳಗಿನ ಟಾಕ್ರೋಲಿಮಸ್ ತಪ್ಪಿಸುವ ಹಾಗಿಲ್ಲ, ಒಂದು ಗುಟುಕು ನೀರಿನಲ್ಲಿ ಕೊಡುತ್ತೇವೆ. ಮಟ್ಟ ನೋಡುವ ರಕ್ತ ಆ ಮಾತ್ರೆಗೆ ಮೊದಲೇ ತೆಗೆಯಬೇಕು. ಹರ್ನಿಯಾದಂಥ ಸಣ್ಣ ಕೆಲಸದಲ್ಲೂ ಎಚ್ಚರ ಬೇಕು. ಹೊಸ ಮೂತ್ರನಾಳ ಹರ್ನಿಯಾದ ಜೊತೆಗೇ ಇಳಿದುಬಂದಿರಬಹುದು, ಗೊತ್ತಿಲ್ಲದೆ ಕತ್ತರಿಸಿದರೆ ಕಿಡ್ನಿಗೇ ಕುತ್ತು.

ಈ ಕೆಲಸ ಶುರು ಮಾಡುವವರು ನನ್ನನ್ನು ಕೇಳಿದರೆ ನಾನು ಹೇಳುವುದು ಫೋನ್ ಎತ್ತದವರ ಬಗ್ಗೆ. ಮೊದಲ ವರ್ಷ ನಾನು ಅವರನ್ನೆಲ್ಲ ಚೆನ್ನಾಗಿದ್ದಾರೆ ಅಂತ ಸೇರಿಸಿಬಿಟ್ಟಿದ್ದೆ. ತೊಂದರೆ ಇದ್ದಿದ್ದರೆ ಬರುತ್ತಿದ್ದರಲ್ಲ ಅನ್ನೋ ಲೆಕ್ಕ. ಹರ್ನಿಯಾದವರು ಬಂದಿದ್ರಾ? ಆ ವರ್ಷದ ಪಟ್ಟಿಯನ್ನು ಹರಿದು ಮತ್ತೆ ಬರೆದೆ. ಈಗ ಅವರ ಜಾಗ ಖಾಲಿ ಬಿಡುತ್ತೇನೆ, ಪಕ್ಕದಲ್ಲಿ ಪೆನ್ಸಿಲಿನಲ್ಲಿ ಫೋನ್ ಮಾಡಿದ ದಿನಾಂಕ ಬರೆಯುತ್ತೇನೆ. ಕೆಲವರ ಸಾಲಿನಲ್ಲಿ ಅಂಥ ನಾಲ್ಕೈದು ದಿನಾಂಕಗಳಿವೆ. ಭಾನುವಾರ ಬೆಳಗ್ಗೆ ಮಾಡಿದರೆ ಜಾಸ್ತಿ ಜನ ಸಿಗುತ್ತಾರೆ.